ಬಾಲ್ಯ ಯಾವ ಇಸವಿಯದು?

ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಹುಟ್ಟಿದ್ದು 1860ರಲ್ಲೋ 1861ರಲ್ಲೋ? ಎರಡೂ ಇಸವಿ ಇವತ್ತಿಗೂ ಅಚ್ಚಾಗುತ್ತವೆ. ಅಂಚೆ ಇಲಾಖೆಯಂತೂ 1960ರ ಸೆಪ್ಟೆಂಬರ್ 15ರಂದೇ, ಅವರಿನ್ನೂ ಬದುಕಿರುವಾಗಲೇ, ಶತಮಾನೋತ್ಸವದ ಚೀಟಿ ಹೊರತಂದಿತು. ಒಂದೊಂದನ್ನೂ ಬರೆದಿಡುತ್ತಿದ್ದ ಎಂಜಿನಿಯರರ ಕಥೆಯೇ ಹೀಗಾದರೆ, ಅದೇ ಕಾಲದಲ್ಲಿ ನಂದಿಬೆಟ್ಟದ ತಪ್ಪಲಲ್ಲಿ ಕುರಿ ಮೇಯಿಸುತ್ತಿದ್ದ ಹುಡುಗನ ವಯಸ್ಸನ್ನು ಯಾರು ಕೇಳಬೇಕು?

ಹಳಬರ ಲೆಕ್ಕ ಸಂವತ್ಸರದ್ದು. 1876ರಲ್ಲಿ ಶುರುವಾದ ಭೀಕರ ಬರ ಧಾತು, ಈಶ್ವರ ಸಂವತ್ಸರಗಳಲ್ಲಿ ಜನರನ್ನು ಹಿಂಡಿತು. ಆದರೆ ಸಂವತ್ಸರದ ಹೆಸರು ಅರವತ್ತು ವರ್ಷಕ್ಕೆ ಮರಳಿ ಬರುತ್ತದೆ. ಹಾಗಾಗಿ ಪಕ್ಕದಲ್ಲಿ ಒಂದು ಗುರುತು ಬೇಕೇ ಬೇಕು: ಪ್ಲೇಗಿನ ವರ್ಷ, 1918ರ ಜ್ವರ, ಗೌರಿಬಿದನೂರಿನ ಕಡೆಯವರಿಗಾದರೆ 1938ರ ಏಪ್ರಿಲ್ 25ರ ವಿದುರಾಶ್ವತ್ಥದ ಗೋಲಿಬಾರ್. ಶಾಲೆಯ ದಾಖಲೆ ಇವಕ್ಕಿಂತ ಗಟ್ಟಿಯೇನಲ್ಲ. ಮಗುವನ್ನು ಸೇರಿಸಿಕೊಳ್ಳುವ ದಿನ ಮೇಷ್ಟ್ರಿಗೆ ತೋಚಿದ ತಾರೀಖೇ ಎಷ್ಟೋ ಜನರ ಹುಟ್ಟುಹಬ್ಬವಾಗಿದೆ. ಜನನ, ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ.

ಹಾಗಾದರೆ ಕಂಡದ್ದನ್ನು ಕೇಳಿ ದಶಕ ಹೇಳಬಹುದೇ? ಇಲ್ಲೇ ತಮಾಷೆ ಇರುವುದು. ಚಿಂತಾಮಣಿ, ಶಿಡ್ಲಘಟ್ಟಗಳಿಗೆ ನ್ಯಾರೋಗೇಜ್ ರೈಲು ಬಂದದ್ದು 1910ರ ದಶಕದಲ್ಲಿ. ಗೇಜ್ ಬದಲಿಸಲೆಂದು ಅದು ನಿಂತ ಮೇಲೆ ಬ್ರಾಡ್‌ಗೇಜ್ ರೈಲು ಓಡುವ ಹೊತ್ತಿಗೆ 2013 ಆಗಿತ್ತು. ನಡುವಿನ ವರ್ಷಗಳಲ್ಲಿ ಬೆಳೆದ ಮಕ್ಕಳು ಮೊಬೈಲು ನೋಡಿದರು, ಊರಿನಲ್ಲಿ ರೈಲು ನೋಡಲಿಲ್ಲ. ಅವರ ಅಜ್ಜ ರೈಲು ಹತ್ತಿಯೇ ಕೋಲಾರಕ್ಕೆ ಹೋಗಿಬರಬಹುದಿತ್ತು. ನೆನಪುಗಳನ್ನಷ್ಟೇ ಕೇಳಿದವರು ಮೊಮ್ಮಗನನ್ನೇ ಹಿರಿಯ ಎಂದುಕೊಂಡಾರು!

ರೈಲಿದ್ದರೂ ಅದು ಎಲ್ಲರ ಬಾಲ್ಯದೊಳಗೆ ಬರಲಿಲ್ಲ. ಗೌರಿಬಿದನೂರಿನ ಮೇಲೆ ಹಾದ ಮೀಟರ್‌ಗೇಜ್ ಹಳಿ 19ನೇ ಶತಮಾನದ್ದು. ಆ ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯ, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದವರು, 1935ರಲ್ಲಿ ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದೇ ಹೋದರು. ಕೈಯಲ್ಲಿ ಕಾಸಿರಲಿಲ್ಲ. ಅವರ ಬಾಲ್ಯ ಪಂಚಾಂಗದ ಪ್ರಕಾರ 1920, 30ರ ದಶಕಗಳದ್ದು, ಕಾಲ್ನಡಿಗೆಯ ಪ್ರಕಾರ ಹಳಿ ಹಾಕುವುದಕ್ಕೂ ಮುಂಚಿನದು.

ಈಚಿನವರಿಗೆ ಸುಲಭದ ಒಂದು ಗುರುತಿದೆ. ಈ ಸೀಮೆ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಶಾಲೆಯ ನೋಟ್‌ಬುಕ್ಕಿನ ಲೇಬಲ್ ಮೇಲೆ ‘ಕೋಲಾರ ಜಿಲ್ಲೆ’ ಎಂದು ಬರೆದವರು ಅದಕ್ಕಿಂತ ಹಿಂದಿನವರು. ಹೊಸ ಜಿಲ್ಲೆಯ ಹೆಸರು ಬಾಯಿಗೆ ಬರದೆ, ಆಮೇಲೂ ಹಾಗೇ ಬರೆದವರನ್ನು ಮಾತ್ರ ಬೇರೆಯಾಗಿ ವಿಚಾರಿಸಬೇಕು.