ತಗ್ಗು ನೀರಿನ ದೋಣಿಗಳು: ಥೇಮ್ಸ್ ನದಿಯಿಂದ ಡನ್‌ಕರ್ಕ್ ತೀರಕ್ಕೆ



ಇಂಗ್ಲೆಂಡಿನ ರೆಡಿಂಗ್ ಪಟ್ಟಣದಲ್ಲಿ ನೆಲೆಸಿರುವ ನನ್ನ ಹಳೆಯ ಶಿಷ್ಯನೊಬ್ಬ ಕಳೆದ ತಿಂಗಳು ಒಂದು ಪತ್ರ ಬರೆದಿದ್ದ. "ಮೇಷ್ಟ್ರೇ, ನಮ್ಮ ಮನೆಯ ಹತ್ತಿರದಲ್ಲೇ ಥೇಮ್ಸ್ ನದಿ ಹರಿಯುತ್ತದೆ. ಬೇಸಗೆಯ ರಜೆಯಲ್ಲಿ ಹೆಂಡತಿ ಮಕ್ಕಳೊಡನೆ ನಾಲ್ಕಾರು ದಿನ ನದಿಯ ಮೇಲೆಯೇ ಇರುವಂತೆ ಒಂದು ಹಳೆಯ ಮೋಟಾರ್ ಕ್ರೂಸರ್ ಕೊಳ್ಳಬೇಕೆಂದಿದ್ದೇನೆ. ಇದೇ ಮೊದಲ ದೋಣಿ. ಏನೇನು ನೋಡಬೇಕು ಹೇಳಿ" ಎಂದು ಅವನ ಕೋರಿಕೆ. ಈಜು ಬಾರದ ಚರಿತ್ರೆಯ ಮೇಷ್ಟರನ್ನು ಕೇಳುವಂಥ ಪ್ರಶ್ನೆಯೇ ಇದು ಎಂದು ನಮ್ಮ ಮನೆಯವರು ನಕ್ಕರು. ಆದರೆ ಆ ನದಿಯ ಮೇಲೆ ಎಂತಹ ದೋಣಿ ಸಲ್ಲುತ್ತದೆ, ಎಂತಹುದು ಸಲ್ಲದು ಎಂಬುದನ್ನು ನೂರು ವರ್ಷಗಳ ಚರಿತ್ರೆಯೇ ತೀರ್ಮಾನಿಸಿಬಿಟ್ಟಿದೆ. ಆದ್ದರಿಂದ ಅವನಿಗೆ ಬರೆಯಬೇಕಾದುದನ್ನು ನಿಮ್ಮೆಲ್ಲರ ಮುಂದೆಯೂ ಇಡುತ್ತಿದ್ದೇನೆ.

ಮೊದಲು ಒಂದು ಪದವಿಚಾರ. ನಮ್ಮ ಮಲೆನಾಡಿನವರಿಗೆ 'ಲಾಂಚ್' ಎಂಬ ಮಾತು ಹೊಸತಲ್ಲ. ಶರಾವತಿಯ ಹಿನ್ನೀರಿನಲ್ಲಿ, 2025ರಲ್ಲಿ ಸೇತುವೆ ತೆರೆಯುವವರೆಗೂ, ಸಿಗಂದೂರಿಗೆ ಹೋಗುವವರನ್ನು ಬಸ್ಸು ಸಮೇತ ದಾಟಿಸುತ್ತಿದ್ದುದು ಲಾಂಚೇ. ಇಂಗ್ಲೆಂಡಿನ ನದಿಗಳಲ್ಲಿ ಲಾಂಚ್ ಎಂದರೆ ಬೆಳಗ್ಗೆ ಹತ್ತಿ ಸಂಜೆ ಇಳಿಯುವ ತೆರೆದ ದೋಣಿ. ಮಲಗಲು ಮಂಚ, ಒಲೆ, ಮಳೆಗೆ ಮಾಡು ಇದ್ದರೆ ಅದು ಕ್ರೂಸರ್. ಒಂದು ಸಣ್ಣ ಮನೆಯನ್ನೇ ನೀರಿನ ಮೇಲೆ ಇಟ್ಟಂತೆ ಎಂದು ತಿಳಿದರೆ ಸಾಕು.

ನದಿಯ ದೋಣಿಗೆ ಪೆಟ್ರೋಲ್ ಎಂಜಿನ್ ಕೂಡಿಸಿದ ಮೊದಲಿಗರಲ್ಲಿ ಜರ್ಮನಿಯ ಗಾಟ್‌ಲೀಬ್ ಡೈಮ್ಲರ್ ಮತ್ತು ವಿಲ್‌ಹೆಲ್ಮ್ ಮೇಬಾಕ್ ಪ್ರಮುಖರು. 1886ರಲ್ಲಿ ಅವರು ನಾಲ್ಕೂವರೆ ಮೀಟರ್ ಉದ್ದದ ದೋಣಿಯೊಂದಕ್ಕೆ ತಮ್ಮ ಎಂಜಿನನ್ನು ಜೋಡಿಸಿ ನೆಕಾರ್ ನದಿಯಲ್ಲಿ ಓಡಿಸಿದರು. ಪೆಟ್ರೋಲ್ ಸಿಡಿದೀತೆಂದು ಜನ ಅಂಜುತ್ತಿದ್ದ ಕಾಲವದು. ಆ ಅಂಜಿಕೆಯನ್ನು ತಣಿಸಲು ಡೈಮ್ಲರ್ ದೋಣಿಗೆ ಪಿಂಗಾಣಿಯ ಬಿಲ್ಲೆಗಳನ್ನು ಸಿಕ್ಕಿಸಿ, ಅದು ವಿದ್ಯುತ್ತಿನಿಂದ ಓಡುವಂತೆ ತೋರಿಸಿದನೆಂಬ ಕಥೆಯಿದೆ. ಜನರ ಅಂಜಿಕೆ ಮಾತ್ರ ಸುಳ್ಳಾಗಿರಲಿಲ್ಲ. ಆ ಮಾತಿಗೆ ಮುಂದೆ ಬರುತ್ತೇನೆ.

ಅದೇ ಕಾಲದಲ್ಲಿ ಥೇಮ್ಸ್ ನದಿಯಲ್ಲಿ ಉಗಿದೋಣಿಗಳ ಅಬ್ಬರ. ಜೆರೋಮ್ ಕೆ. ಜೆರೋಮ್ 1889ರಲ್ಲಿ ಪ್ರಕಟಿಸಿದ 'ಥ್ರೀ ಮೆನ್ ಇನ್ ಎ ಬೋಟ್' ಎಂಬ ವಿನೋದಕೃತಿಯಲ್ಲಿ, ಹುಟ್ಟು ಹಾಕುವವರಿಗೆ ಈ ಉಗಿದೋಣಿಗಳ ಮೇಲಿದ್ದ ಸಿಟ್ಟು ಚೆನ್ನಾಗಿ ಕಾಣುತ್ತದೆ. ಹೊಗೆ, ಸೀಟಿ, ದಡ ಕೊರೆಯುವ ಅಲೆ, ಇವು ಯಾರಿಗೂ ಬೇಕಿರಲಿಲ್ಲ. ಅದೇ ವರ್ಷಗಳಲ್ಲಿ ಬ್ಯಾಟರಿಯಿಂದ ಸದ್ದಿಲ್ಲದೆ ಚಲಿಸುವ ವಿದ್ಯುತ್ ದೋಣಿಗಳೂ ಬಾಡಿಗೆಗೆ ದೊರೆಯುತ್ತಿದ್ದವು. ಇಂದಿನ ವಿದ್ಯುತ್ ಕಾರುಗಳನ್ನು ಕಂಡು ಬೆರಗಾಗುವ ನಮ್ಮ ಮೊಮ್ಮಕ್ಕಳಿಗೆ ಇದನ್ನು ಹೇಳಬೇಕು. ಪೆಟ್ರೋಲ್ ಎಂಜಿನ್ ಅಗ್ಗವಾಗುತ್ತ ಬಂದಂತೆ ಉಗಿಯೂ ಬ್ಯಾಟರಿಯೂ ಹಿಂದೆ ಸರಿದವು. ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ವೈದ್ಯ, ವಕೀಲ, ಅಂಗಡಿಯ ಯಜಮಾನ ಮೊದಲಾದವರೂ ಒಂದು ಕ್ರೂಸರ್ ಇಟ್ಟುಕೊಳ್ಳುವಂತಾಯಿತು.

ಈಗ ನದಿಯ ಸ್ವಭಾವವನ್ನು ನೋಡೋಣ. ಥೇಮ್ಸ್ ನದಿಗೆ ಸಮುದ್ರದ ಉಬ್ಬರವಿಳಿತ ತಟ್ಟುವುದು ಟೆಡಿಂಗ್ಟನ್‌ವರೆಗೆ. ಅಲ್ಲಿಂದ ಮೇಲಕ್ಕೆ ನದಿಯು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಒಂದೊಂದು ಮೆಟ್ಟಿಲಿಗೂ ಒಂದು ಲಾಕ್, ಅಂದರೆ ಎರಡು ಕಡೆ ಬಾಗಿಲುಳ್ಳ ನೀರಿನ ಕೋಣೆ. ದೋಣಿಯನ್ನು ಒಳಗೆ ತಂದು, ಬಾಗಿಲು ಮುಚ್ಚಿ, ನೀರನ್ನು ತುಂಬಿಸಿ ಅಥವಾ ಬಸಿದು ಅದನ್ನು ಏರಿಸುತ್ತಾರೆ, ಇಳಿಸುತ್ತಾರೆ. ಆಕ್ಸ್‌ಫರ್ಡ್ ಬಳಿಯ ಇಫ್ಲಿ, ಸ್ಯಾಂಡ್‌ಫರ್ಡ್ ಲಾಕ್‌ಗಳ ಚರಿತ್ರೆ 1630ರ ದಶಕಕ್ಕೆ ಹೋಗುತ್ತದೆ. ಆಕ್ಸ್‌ಫರ್ಡಿನಲ್ಲೇ ಆಸ್ನಿ ಎಂಬ ಸೇತುವೆಯಿದೆ. 1885ರಲ್ಲಿ ಹಳೆಯ ಕಲ್ಲುಸೇತುವೆ ಕುಸಿದುಬಿದ್ದ ಮೇಲೆ ಕಟ್ಟಿದ ಕಬ್ಬಿಣದ ಸೇತುವೆ ಅದು. ನೀರಿನಿಂದ ಅದರ ಎತ್ತರ ಸುಮಾರು ಏಳೂವರೆ ಅಡಿ ಮಾತ್ರ. ಎತ್ತರದ ಚಾವಣಿಯ ಠೀವಿಯ ದೋಣಿಗಳೆಲ್ಲ ಅಲ್ಲಿಂದ ಹಿಂದಿರುಗಬೇಕು. ಅದರಾಚೆ ಲೆಚ್‌ಲೇಡ್‌ವರೆಗಿನ ಪ್ರಶಾಂತವಾದ ನದಿಯು ತಗ್ಗು ದೋಣಿಯವರ ಸೊತ್ತು. ಆ ಮೇಲಿನ ಭಾಗದಲ್ಲಿ ನೀರಿನ ಆಳವೂ ಕಡಿಮೆ. ಮೂರಡಿಗಿಂತ ಹೆಚ್ಚು ಮುಳುಗುವ ದೋಣಿ ತಳ ಸವರುವ ಭಯದಲ್ಲೇ ಸಾಗಬೇಕಾಗುತ್ತದೆ.

ಆದ್ದರಿಂದ ದೋಣಿ ಕೊಳ್ಳುವವನು ಬಣ್ಣ, ಪರದೆ, ಹಿತ್ತಾಳೆಯ ಹೊಳಪು ಇವುಗಳಿಗೆ ಮರುಳಾಗುವ ಮುನ್ನ ಎರಡು ಅಳತೆಗಳನ್ನು ಕೇಳಬೇಕು: ನೀರಿನ ಮೇಲೆ ಎಷ್ಟು ಎತ್ತರ, ನೀರಿನ ಕೆಳಗೆ ಎಷ್ಟು ಆಳ. ಎಂಜಿನ್ನಿನ ಬಲ ಅನಂತರದ ಮಾತು. ಥೇಮ್ಸ್ ನದಿಯ ಈ ಭಾಗದಲ್ಲಿ ವೇಗದ ಮಿತಿ ಗಂಟೆಗೆ 8 ಕಿಲೋಮೀಟರ್, ಅಂದರೆ ಚುರುಕಾಗಿ ನಡೆಯುವವನಿಗಿಂತ ತುಸು ಹೆಚ್ಚು. ನೀರನ್ನು ಸೀಳಿಕೊಂಡು ಸಾಗುವ ದುಂಡನೆಯ ತಳದ ದೋಣಿಗೆ ಅದರ ಉದ್ದವೇ ವೇಗದ ಮೇರೆಯನ್ನು ಹಾಕಿಬಿಡುತ್ತದೆ. ಇಮ್ಮಡಿ ಬಲದ ಎಂಜಿನ್ ಕೂಡಿಸಿದರೆ ಎಣ್ಣೆ ಸುಡುವುದು, ಅಲೆ ಏಳುವುದು, ಅಷ್ಟೆ. ಸಮುದ್ರದ ಮೇಲೆ ಹಾರುತ್ತ ಹೋಗುವಂತೆ ಮಾಡಿದ ಚಪ್ಪಟೆ ತಳದ ವೇಗದ ದೋಣಿಗಳು ನದಿಯ ಮಂದಗತಿಯಲ್ಲಿ ನೇರವಾಗಿ ಸಾಗದೆ ಅತ್ತಿತ್ತ ಹೊಯ್ದಾಡುತ್ತವೆ. ಮಾರುವವರು ಅವನ್ನು ನದಿಗೂ ಆದೀತು, ಸಮುದ್ರಕ್ಕೂ ಆದೀತು ಎನ್ನುತ್ತಾರೆ. ಎರಡಕ್ಕೂ ಆಗುವ ದೋಣಿ ಎಂಬ ಮಾತನ್ನು ನಾನು ನಂಬುವುದಿಲ್ಲ. ಏಕೆಂದರೆ ಆ ಮಾತು ಎಷ್ಟರಮಟ್ಟಿಗೆ ನಿಜವೆಂಬುದು 1940ರಲ್ಲಿ, ಬೆಂಕಿಯ ನಡುವೆ ಪರೀಕ್ಷೆಗೆ ಒಳಗಾಯಿತು.

ಡನ್‌ಕರ್ಕ್ ಎಂಬ ಹೆಸರು ನಮ್ಮ ಪಠ್ಯಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಮುಗಿಯುತ್ತಿತ್ತು. ಅದರ ಹಿಂದೆ ಒಂದು ಪ್ರಕಟಣೆಯಿದೆ. 1940ರ ಮೇ 14ರಂದು ಬ್ರಿಟನ್ನಿನ ನೌಕಾ ಇಲಾಖೆಯು, 30ರಿಂದ 100 ಅಡಿ ಉದ್ದದ, ಎಂಜಿನ್ನಿನಿಂದ ಚಲಿಸುವ ಎಲ್ಲ ವಿಹಾರ ದೋಣಿಗಳ ಮಾಲಿಕರೂ 14 ದಿನಗಳೊಳಗೆ ವಿವರ ಕಳುಹಿಸಬೇಕೆಂದು ಬಿ.ಬಿ.ಸಿ. ರೇಡಿಯೋದ ಮೂಲಕ ತಿಳಿಸಿತು. ಆಗ ಯಾರ ಮನಸ್ಸಿನಲ್ಲಿಯೂ ಡನ್‌ಕರ್ಕ್ ಇರಲಿಲ್ಲ. ಬಂದರುಗಳ ಕೆಲಸಕ್ಕೆ ಸಣ್ಣ ದೋಣಿಗಳು ಬೇಕಾಗಿದ್ದವು. ಎರಡೇ ವಾರಗಳಲ್ಲಿ ಫ್ರಾನ್ಸಿನಲ್ಲಿದ್ದ ಬ್ರಿಟಿಷ್ ಸೈನ್ಯ ಸಮುದ್ರಕ್ಕೆ ಬೆನ್ನು ತಾಗಿಸಿ ನಿಲ್ಲಬೇಕಾಯಿತು. ಟೆಡಿಂಗ್ಟನ್ನಿನ ಟಫ್ ಸಹೋದರರ ದೋಣಿಕಟ್ಟೆಯಲ್ಲಿ ಥೇಮ್ಸ್ ನದಿಯ ನೂರಕ್ಕೂ ಹೆಚ್ಚು ದೋಣಿಗಳು ಕೂಡಿದವು. ಮಾಲಿಕರನ್ನು ಕೇಳಲು ಸಮಯವಿಲ್ಲದೆ ಕೆಲವನ್ನು ಹಾಗೆಯೇ ಕೊಂಡೊಯ್ದರು. ಊಟದ ತಟ್ಟೆ, ಹಾಸಿಗೆಗಳನ್ನೆಲ್ಲ ತೆಗೆದಿಟ್ಟು, ದೋಣಿಗಳನ್ನು ನದಿಯಿಂದ ಸಮುದ್ರದ ಬಾಯಿಗೆ ಕಳುಹಿಸಿದರು.

ಈ ಪುಟ್ಟ ದೋಣಿಗಳೇ ಏಕೆ? ಡನ್‌ಕರ್ಕಿನ ಪೂರ್ವಕ್ಕಿರುವ ಮರಳ ತೀರ ಬಹಳ ನಿಧಾನವಾಗಿ ಆಳವಾಗುತ್ತದೆ. ಡೆಸ್ಟ್ರಾಯರ್ ಯುದ್ಧನೌಕೆಗಳು ದಡದಿಂದ ಬಹು ದೂರದಲ್ಲೇ ನಿಲ್ಲಬೇಕಾಗಿತ್ತು. ಸೈನಿಕರು ಎದೆಮಟ್ಟದ ನೀರಿನಲ್ಲಿ ಸಾಲುಗಟ್ಟಿ ನಿಂತಿದ್ದರು. ಆಸ್ನಿ ಸೇತುವೆಯ ಕೆಳಗೆ ನುಸುಳಲೆಂದು, ಮೂರಡಿ ನೀರಿನಲ್ಲಿ ತೇಲಲೆಂದು ಮಾಡಿದ ದೋಣಿಗಳಷ್ಟೇ ಅವರ ಬಳಿಗೆ ಹೋಗಬಲ್ಲವಾಗಿದ್ದವು. ವಿಹಾರಕ್ಕಾಗಿ ಬಂದ ಒಂದು ಗುಣ ಪ್ರಾಣ ಉಳಿಸುವ ಗುಣವಾಯಿತು.

ಆದರೆ ಇಲ್ಲಿ ಚರಿತ್ರೆಯ ಲೆಕ್ಕವನ್ನು ಸರಿಯಾಗಿ ಇಡಬೇಕು. ಮೇ 26ರಿಂದ ಜೂನ್ 4ರವರೆಗೆ ಪಾರಾದವರು 3,38,226 ಮಂದಿ. ಇವರಲ್ಲಿ ಮೂರನೆಯ ಎರಡು ಭಾಗಕ್ಕಿಂತ ಹೆಚ್ಚಿನವರು ಬಂದರಿನ ಉದ್ದನೆಯ ಅಲೆತಡೆಯಿಂದ ನೇರವಾಗಿ ದೊಡ್ಡ ಹಡಗುಗಳನ್ನು ಹತ್ತಿದವರು. ಮರಳಿನ ತೀರದಿಂದ ಬಂದವರು ಒಂದು ಲಕ್ಷಕ್ಕೆ ತುಸು ಕಡಿಮೆ. ಅವರಲ್ಲೂ ಬಹುಪಾಲಿನವರನ್ನು ಸಣ್ಣ ದೋಣಿಗಳು ದಡದಿಂದ ಹಡಗಿನವರೆಗೆ ಸಾಗಿಸಿದವು, ಇಂಗ್ಲೆಂಡಿನವರೆಗೆ ಅಲ್ಲ. ದೋಣಿಗಳನ್ನು ನಡೆಸಿದವರಲ್ಲಿ ಹೆಚ್ಚಿನವರು ನೌಕಾಪಡೆಯವರೇ. ಮಾಲಿಕರು ಕೆಲವರು ಮಾತ್ರ. ಸೋತ ದೋಣಿಗಳ ಸಂಖ್ಯೆಯೂ ಕಡಿಮೆಯಿರಲಿಲ್ಲ. ತೇಲುತ್ತಿದ್ದ ಹಗ್ಗ, ಬಟ್ಟೆಗಳು ಪ್ರೊಪೆಲ್ಲರಿಗೆ ಸುತ್ತಿಕೊಂಡವು. ಎಂಜಿನ್ನುಗಳು ಕೆಟ್ಟು ನಿಂತವು. ಕಂಗೆಟ್ಟ ಸೈನಿಕರು ಒಂದೇ ಬದಿಯಿಂದ ಹತ್ತಿ ದೋಣಿಗಳು ಮಗುಚಿದವು. ಮಧ್ಯಮವರ್ಗದ ಗೃಹಸ್ಥರು ತಮ್ಮ ವಿಹಾರದೋಣಿಗಳಲ್ಲಿ ಹೋಗಿ ಇಡೀ ಸೈನ್ಯವನ್ನು ಮನೆಗೆ ಕರೆತಂದರೆಂಬ ಜನಪ್ರಿಯ ಚಿತ್ರ ಮನೋಹರವಾದುದು. ದೊಡ್ಡ ಹಡಗುಗಳಲ್ಲಿ ಸತ್ತ ನಾವಿಕರಿಗೆ ಅದರಿಂದ ಅನ್ಯಾಯವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಅಲ್ಲಿ ಮರೆತುಹೋದ ಇನ್ನೂ ಕೆಲವರಿದ್ದಾರೆ. ಹೇಸರಗತ್ತೆಗಳ ಮೇಲೆ ಸಾಮಾನು ಸಾಗಿಸಲು 1939ರ ಡಿಸೆಂಬರಿನಲ್ಲಿ ಮುಂಬಯಿಯಿಂದ ಹೊರಟ ಭಾರತೀಯ ಸೈನಿಕರೂ ಆ ತೀರದಲ್ಲಿದ್ದರು. ಅವರ ಒಂದು ತುಕಡಿ ಫ್ರಾನ್ಸಿನಲ್ಲೇ ಜರ್ಮನರಿಗೆ ಸೆರೆಸಿಕ್ಕಿತು. ಡನ್‌ಕರ್ಕಿನಿಂದ ಪಾರಾದವರು ತಮ್ಮ ಪ್ರಾಣಿಗಳನ್ನು ಬಿಟ್ಟು ಬರಬೇಕಾಯಿತು. 2017ರಲ್ಲಿ ತೆರೆಕಂಡ ಕ್ರಿಸ್ಟಫರ್ ನೋಲನ್ ಅವರ 'ಡನ್‌ಕರ್ಕ್' ಚಲನಚಿತ್ರದಲ್ಲಿ ಇವರು ಕಾಣದಿದ್ದುದಕ್ಕೆ ನಮ್ಮಲ್ಲಿಯೂ ಹೊರಗೂ ಆಕ್ಷೇಪಗಳು ಕೇಳಿಬಂದವು.

ಆ ಚಿತ್ರದಲ್ಲಿ ತನ್ನ ದೋಣಿಯನ್ನು ತಾನೇ ನಡೆಸಿಕೊಂಡು ಹೋಗುವ ಹಿರಿಯರೊಬ್ಬರನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ನಿಜಜೀವನದಲ್ಲಿ ಅಂತಹ ಒಬ್ಬರಿದ್ದರು: ಚಾರ್ಲ್ಸ್ ಲೈಟಾಲರ್. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ಎರಡನೆಯ ಅಧಿಕಾರಿ. ಬದುಕುಳಿದ ಅಧಿಕಾರಿಗಳಲ್ಲಿ ಎಲ್ಲರಿಗಿಂತ ಹಿರಿಯರು. 1940ರಲ್ಲಿ ಅವರಿಗೆ 66 ವರ್ಷ. ಅವರ 'ಸನ್‌ಡೌನರ್' ಎಂಬ ದೋಣಿಯನ್ನು ರಾಮ್ಸ್‌ಗೇಟ್ ಬಂದರಿಗೆ ತಂದೊಪ್ಪಿಸಿರಿ, ಮುಂದೆ ನೌಕಾಪಡೆಯವರು ನೋಡಿಕೊಳ್ಳುತ್ತಾರೆ ಎಂದು ಇಲಾಖೆ ಕೇಳಿದಾಗ, ನನ್ನ ದೋಣಿಯನ್ನು ನಾನೇ ಒಯ್ಯುತ್ತೇನೆಂದರು. ಹಿರಿಯ ಮಗ ರೋಜರ್ ಮತ್ತು ಹದಿನೆಂಟರ ಪ್ರಾಯದ ಒಬ್ಬ ಸ್ಕೌಟ್ ಹುಡುಗ ಜೊತೆಗಿದ್ದರು. ಕಿರಿಯ ಮಗ ವಾಯುಪಡೆಯಲ್ಲಿದ್ದು, ಯುದ್ಧ ಆರಂಭವಾದ ಮೊದಲ ದಿನಗಳಲ್ಲೇ, 1939ರ ಸೆಪ್ಟೆಂಬರಿನಲ್ಲಿ ಸತ್ತಿದ್ದ. ಶತ್ರುವಿಮಾನ ಎರಗುವಾಗ ಹೇಗೆ ತಪ್ಪಿಸಿಕೊಳ್ಳಬೇಕೆಂದು ಆ ಮಗ ಹೇಳಿಕೊಟ್ಟಿದ್ದ ಉಪಾಯ ಜೂನ್ 1ರಂದು ಆ ದೋಣಿಯನ್ನು ಕಾಯಿತು. ಹಿಂದೆಂದೂ 21ಕ್ಕಿಂತ ಹೆಚ್ಚು ಜನರನ್ನು ಹೊತ್ತಿರದ ಸನ್‌ಡೌನರ್ ಸುಮಾರು 130 ಜನರೊಡನೆ ಹಿಂದಿರುಗಿತು. ದೋಣಿ ತೂಗಾಡದಿರಲೆಂದು ಸೈನಿಕರನ್ನು ಮೊದಲು ಕೆಳಗಿನ ಕೋಣೆಗಳಲ್ಲಿ ಒತ್ತೊತ್ತಾಗಿ ತುಂಬಿ, ಆಮೇಲೆ ಮೇಲೆ ಹತ್ತಿಸಿದ್ದರು. ಗಮನಿಸಿ: ಸನ್‌ಡೌನರ್ ವಿಹಾರಕ್ಕೆಂದೇ ಹುಟ್ಟಿದ ದೋಣಿಯಲ್ಲ. 1912ರಲ್ಲಿ ನೌಕಾಪಡೆಗಾಗಿ ಕಟ್ಟಿದ 58 ಅಡಿಯ ಉಗಿದೋಣಿ ಅದು. ಲೈಟಾಲರ್ ಅದನ್ನು 1929ರಲ್ಲಿ ಕೊಂಡು ಮೋಟಾರ್ ದೋಣಿಯಾಗಿ ಮಾರ್ಪಡಿಸಿದ್ದರು. ಸಮುದ್ರವನ್ನು ಬಲ್ಲವರು ಸಮುದ್ರಕ್ಕೆ ತಕ್ಕುದನ್ನು ಆರಿಸಿಕೊಂಡಿದ್ದರು. ಯುದ್ಧಾನಂತರ ಅವರು ಥೇಮ್ಸ್ ದಡದಲ್ಲಿ ದೋಣಿಕಟ್ಟೆಯೊಂದನ್ನು ನಡೆಸುತ್ತ ನದಿಯ ಪೊಲೀಸರಿಗೆ ಲಾಂಚುಗಳನ್ನು ಕಟ್ಟಿಕೊಟ್ಟರು, 1952ರಲ್ಲಿ ತೀರಿಕೊಂಡರು.

ಮರದ ದೋಣಿಗಳ ಕಾಲ ಯುದ್ಧಾನಂತರ ಬಹುಕಾಲ ಉಳಿಯಲಿಲ್ಲ. ಮರಕ್ಕೆ ಉಪ್ಪುನೀರಿಗಿಂತ ಮಳೆನೀರೇ ದೊಡ್ಡ ಶತ್ರು. ಮಾಡಿನ ಸಂದಿಯಲ್ಲಿ ಇಂಗಿ ಒಳಗೊಳಗೇ ಕೊಳೆಸುತ್ತದೆ. 1950, 60ರ ದಶಕಗಳಲ್ಲಿ ಫೈಬರ್‌ಗ್ಲಾಸ್ ಬಂತು. ಸಮುದ್ರದಿಂದ ದೂರದ ಹಿಂಕ್ಲಿ ಎಂಬ ಪಟ್ಟಣದಲ್ಲಿ ಜಾನ್ ಫ್ರೀಮನ್ ಎಂಬವರ ಕಾರ್ಖಾನೆ ತಯಾರಿಸಿದ 22 ಅಡಿಯ ಫ್ರೀಮನ್ ಕ್ರೂಸರ್, ಫೋರ್ಡ್ ಕಾರಿನ ಎಂಜಿನ್ನನ್ನೇ ನೀರಿಗೆ ಒಗ್ಗಿಸಿಕೊಂಡು, ಎಷ್ಟೋ ಸಾಮಾನ್ಯ ಕುಟುಂಬಗಳ ಮೊದಲ ದೋಣಿಯಾಯಿತು. ಅವು ಇಂದಿಗೂ ಆ ನದಿಯಲ್ಲಿ ಓಡಾಡುತ್ತವೆ. ತಗ್ಗು ಮಾಡು, ಕಡಿಮೆ ಆಳ, ಮಿತವಾದ ಎಂಜಿನ್. ಮೊದಲ ಬಾರಿಗೆ ಕೊಳ್ಳುವವರಿಗೆ ನನ್ನ ಆಯ್ಕೆಯೂ ಅಂತಹುದೇ. ಆದರೆ ಫೈಬರ್‌ಗ್ಲಾಸಿಗೂ ನೀರಿಳಿದು ಗುಳ್ಳೆ ಏಳುವುದುಂಟು. ದೋಣಿಯನ್ನು ನೀರಿನಿಂದ ಮೇಲೆತ್ತಿಸಿ, ಮಾರುವವನ ಕಡೆಯವನಲ್ಲದ ಪರೀಕ್ಷಕನಿಂದ ತಳವನ್ನು ತಟ್ಟಿಸಿ ನೋಡದೆ ಹಣ ಕೊಡಬಾರದು.

ಡೈಮ್ಲರನ ಕಾಲದ ಜನ ಅಂಜಿದ್ದು ಇದಕ್ಕೇ: ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಕಾರಿನಲ್ಲಿ ಸೋರಿದರೆ ರಸ್ತೆಗೆ ಇಳಿದುಹೋಗುತ್ತದೆ. ದೋಣಿಯಲ್ಲಿ ಹೋಗಲು ದಾರಿಯಿಲ್ಲದೆ ತಳದಲ್ಲಿ ಕೆರೆಯಂತೆ ನಿಲ್ಲುತ್ತದೆ. ಅಡುಗೆ ಅನಿಲವೂ ಹಾಗೆಯೇ. ಹಳೆಯ ಪೆಟ್ರೋಲ್ ದೋಣಿಯವರು ಬೆಳಗ್ಗೆ ಎಂಜಿನ್ನಿನ ಮುಚ್ಚಳ ತೆರೆದು, ಬಗ್ಗಿ ಮೂಗಿನಿಂದ ಪರೀಕ್ಷಿಸಿ, ಒಂದಿಷ್ಟು ಹೊತ್ತು ಗಾಳಿ ಆಡಲು ಬಿಟ್ಟ ಮೇಲೆಯೇ ಕೀಲಿ ತಿರುಗಿಸುತ್ತಾರೆ. ಡೀಸೆಲ್ ಎಂಜಿನ್ ಸಿಕ್ಕರೆ ಈ ಭಯ ಬಹುಮಟ್ಟಿಗೆ ಕಡಿಮೆ. ಬೆಲೆ ಹೆಚ್ಚು, ಸದ್ದೂ ಹೆಚ್ಚು.