ಸೆಲೆರಾನ್ 300ಎ: ಅಗ್ಗದ ಪ್ರೊಸೆಸರ್ ಕೊಳ್ಳುವ ಹೊತ್ತು

ಅಗ್ಗದ ಸಾಮಾನೆಲ್ಲ ಕಳಪೆಯೇ? ಈ ಪ್ರಶ್ನೆಗೆ 1998ರಲ್ಲಿ ಇಂಟೆಲ್ ಕಂಪನಿಯ ಸೆಲೆರಾನ್ ಎಂಬ ಒಂದೇ ಹೆಸರಿನ ಪ್ರೊಸೆಸರ್ ಎರಡು ಉತ್ತರ ಕೊಟ್ಟಿತು.

ಏಪ್ರಿಲ್‌ನಲ್ಲಿ ಬಂದ ಮೊದಲ ಸೆಲೆರಾನ್‌ನ ವೇಗ 266 ಮೆಗಾಹರ್ಟ್ಸ್. ಬೆಲೆ ಇಳಿಸಲೆಂದು ಅದರಲ್ಲಿ ಎರಡನೆಯ ಹಂತದ ಕ್ಯಾಶ್ ಮೆಮೊರಿಯನ್ನೇ ಬಿಟ್ಟಿದ್ದರು. ಕ್ಯಾಶ್ ಎಂದರೆ ಪದೇ ಪದೇ ಬೇಕಾಗುವ ಮಾಹಿತಿಯನ್ನು ಕೈಗೆಟಕುವಂತೆ ಇಟ್ಟುಕೊಳ್ಳುವ ಜಾಗ. ಅದಿಲ್ಲದ ಈ ಪ್ರೊಸೆಸರ್ ಕಚೇರಿ ಕೆಲಸಗಳಲ್ಲಿ ಹಿಂದೆ ಬಿತ್ತು.

ಆಗಸ್ಟ್ 24ರಂದು ಸೆಲೆರಾನ್ 300ಎ ಬಂತು. ಇದರ 128 ಕಿಲೋಬೈಟ್ ಕ್ಯಾಶ್ ಪ್ರೊಸೆಸರಿನ ಚಿಪ್ಪಿನೊಳಗೇ ಇದ್ದು ಪೂರ್ಣ ವೇಗದಲ್ಲಿ ಕೆಲಸ ಮಾಡುತ್ತಿತ್ತು. ಪೆಂಟಿಯಂ 2ರಲ್ಲಿ 512 ಕಿಲೋಬೈಟ್ ಇದ್ದರೂ ಅದರ ವೇಗ ಅರ್ಧ. 300ಎಯ ಸಗಟು ಬೆಲೆ 149 ಡಾಲರ್. ಅದೇ ದಿನ ಬಂದ 450 ಮೆಗಾಹರ್ಟ್ಸ್‌ನ ಪೆಂಟಿಯಂ 2ಕ್ಕೆ 669 ಡಾಲರ್!

ಮುಂದಿನದು ನಮ್ಮ ಮಕ್ಕಳೂ ಮಾಡಬಲ್ಲ ಗುಣಾಕಾರ. ಬಸ್ಸಿನ ವೇಗವನ್ನು ಗುಣಕದಿಂದ ಗುಣಿಸಿದರೆ ಪ್ರೊಸೆಸರಿನ ವೇಗ ಸಿಗುತ್ತದೆ. 300ಎಯ ಗುಣಕ 4.5, ಅದಕ್ಕೆ ಇಂಟೆಲ್ ಬೀಗ ಹಾಕಿತ್ತು. ಬಸ್ಸಿನ ವೇಗ 66.67, ಗುಣಲಬ್ಧ 300. ಆದರೆ 440ಬಿಎಕ್ಸ್ ಚಿಪ್‌ಸೆಟ್ ಇದ್ದ ಮದರ್‌ಬೋರ್ಡಿನಲ್ಲಿ ಬಸ್ಸನ್ನು 100ಕ್ಕೆ ಏರಿಸಬಹುದಿತ್ತು. ಅಬಿಟ್ ಬಿಎಚ್6 ಬೋರ್ಡಿನಲ್ಲಂತೂ ಬಯಾಸ್ ಪರದೆಯಲ್ಲೇ ಬದಲಾಯಿಸಿದರೆ ಸಾಕು. 100 × 4.5 = 450. ಇದೇ ಓವರ್‌ಕ್ಲಾಕಿಂಗ್.

ಇದು ಸಾಧ್ಯವಾದದ್ದು ಹೇಗೆ? ಎರಡೂ ತಯಾರಾದದ್ದು 0.25 ಮೈಕ್ರಾನ್ ತಂತ್ರಜ್ಞಾನದಲ್ಲೇ. ಆ ವಿಧಾನ ಅಷ್ಟರಲ್ಲಿ ಪಳಗಿತ್ತು. 300 ಎಂಬುದು ಚಿಪ್ಪಿನ ಶಕ್ತಿಯ ಮಿತಿಯಾಗಿರಲಿಲ್ಲ, ಮಾರಾಟಕ್ಕೆ ಹಚ್ಚಿದ ಹಣೆಪಟ್ಟಿಯಾಗಿತ್ತು.

ಇನ್ನೂ ದೊಡ್ಡ ಸಂಖ್ಯೆ ಬರಲಿ ಎಂದು ಕಾದವರಿಗೆ ಲಾಭ ಹೆಚ್ಚಲಿಲ್ಲ. 1999ರಲ್ಲಿ ಬಂದ 400ರ ಸೆಲೆರಾನ್‌ಗೆ ಗುಣಕ 6. ಬಸ್ 100 ಆದರೆ 600 ಆಗಬೇಕು, ಅದೇ 0.25 ಮೈಕ್ರಾನ್ ಚಿಪ್ಪಿಗೆ ಅಷ್ಟು ಓಡುವುದು ಕಷ್ಟ. ಬಸ್ಸನ್ನು ನಡುವೆ 83ಕ್ಕೆ ನಿಲ್ಲಿಸಿದರೆ ಪಿಸಿಐ ಬಸ್ 33ರ ಬದಲು 41ಕ್ಕೂ ಮೀರಿ ಓಡಿ, ಹಾರ್ಡ್ ಡಿಸ್ಕಿನ ಮಾಹಿತಿಯೇ ಕೆಡುವ ಅಪಾಯ. ಅತಿ ಆಸೆ ಗತಿಗೇಡು!

2011ರಲ್ಲಿ ಸ್ಯಾಂಡಿ ಬ್ರಿಡ್ಜ್ ಬಂದಾಗ ಇಂಟೆಲ್ ಬಸ್ಸಿನ ದಾರಿಯನ್ನೂ ಬಹುಮಟ್ಟಿಗೆ ಮುಚ್ಚಿತು. ಗುಣಕದ ಬೀಗ ತೆಗೆದ 'ಕೆ' ಮಾದರಿಗಳಿಗೆ ಹೆಚ್ಚು ಹಣ ಕೊಡಬೇಕಾಯಿತು. 2017ರಲ್ಲಿ ಎಎಂಡಿ ತನ್ನ ಮೊದಲ ರೈಜೆನ್ ಪ್ರೊಸೆಸರುಗಳನ್ನು ಬೀಗವಿಲ್ಲದೆಯೇ ಮಾರಿತು.

ಹಳೆಯ ವಿದ್ಯಾರ್ಥಿಗಳು ಕೂಡಿಸಿಕೊಟ್ಟ ಹಣದಲ್ಲಿ ಶಾಲೆಗೆ ಕಂಪ್ಯೂಟರ್ ಕೊಳ್ಳುವವರು ಈ ಚರಿತ್ರೆಯಿಂದ ಎರಡು ಮಾತು ನೆನಪಿಡಬೇಕು. ಒಂದು, ಪೆಟ್ಟಿಗೆಯ ಮೇಲಿನ ಸಂಖ್ಯೆಗಿಂತ ಒಳಗಿನ ಚಿಪ್ ಯಾವುದು, ಅದರ ತಂತ್ರಜ್ಞಾನ ಪಳಗಿದೆಯೇ ಎಂದು ವಿಚಾರಿಸಿ. ಏಪ್ರಿಲ್‌ನ ಸೆಲೆರಾನ್‌ಗೂ ಆಗಸ್ಟ್‌ನದಕ್ಕೂ ಇದ್ದ ಅಂತರ ಹೆಸರಿನಲ್ಲಿ ಕಾಣುತ್ತಿರಲಿಲ್ಲ. ಎರಡು, ಓವರ್‌ಕ್ಲಾಕಿಂಗ್ ಕಲಿಯುವ ಆಸೆಯಿದ್ದರೆ ಹಳೆಯ ಯಂತ್ರದ ಮೇಲೆ ಕಲಿಯಿರಿ. ಮಕ್ಕಳ ಅಂಕಪಟ್ಟಿ ಇರುವ ಕಂಪ್ಯೂಟರ್ ತನ್ನ ವೇಗದಲ್ಲೇ ನಡೆಯಲಿ.