ಬದಿಗಿಟ್ಟ ಅಂಕಿಯಲ್ಲಿ ಸಿಕ್ಕ ಧೂಳು



ನಾನು ವೃತ್ತಿಯಿಂದ ಲೆಕ್ಕಪರಿಶೋಧಕ. ತಾಳೆಯಾಗದ ಮೊತ್ತವನ್ನು ಸದ್ಯಕ್ಕೆ ಸಸ್ಪೆನ್ಸ್ ಖಾತೆಗೆ ಹಾಕಿ ಮುಂದೆ ಹೋಗುವುದು ನಮ್ಮಲ್ಲಿ ವಾಡಿಕೆ. ಒಮ್ಮೊಮ್ಮೆ ನಿಜ ಸಂಗತಿ ಅಲ್ಲೇ ಅಡಗಿರುತ್ತದೆ. ಮಸ್ಕತ್ತಿನಲ್ಲಿ ಧೂಳೆದ್ದ ದಿನ ಮಗಳಿಗೆ ಉಬ್ಬಸ ಬರುತ್ತದೆ. ಇನ್‌ಹೇಲರ್ ಹಿಡಿದು ಕೂತಾಗ, ಇಷ್ಟೊಂದು ಧೂಳು ಎಲ್ಲಿಂದ ಬಂತೆಂದು ಕೇಳುತ್ತಾಳೆ. ಅದಕ್ಕೆ ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಈ ಚರಿತ್ರೆ.

1978ರ ಅಕ್ಟೋಬರಿನಲ್ಲಿ ನಾಸಾ ನಿಂಬಸ್-7 ಉಪಗ್ರಹವನ್ನು ಹಾರಿಸಿತು. ಅದರಲ್ಲಿದ್ದ ಟಾಮ್ಸ್ ಎಂಬ ಉಪಕರಣದ ಕೆಲಸ ಓಝೋನ್ ಅಳೆಯುವುದು. ಅದಕ್ಕಾಗಿ ಭೂಮಿಯಿಂದ ಹಿಂದಿರುಗುವ ನೇರಳಾತೀತ ಕಿರಣಗಳನ್ನು ದಾಖಲಿಸುತ್ತಿತ್ತು. ಶುಭ್ರ ಗಾಳಿಯಲ್ಲಿ ಬರಬೇಕಾದ ಅಂಕಿಗೂ ನಿಜವಾಗಿ ಬಂದ ಅಂಕಿಗೂ ಕೆಲವೆಡೆ ವ್ಯತ್ಯಾಸ ಉಳಿಯುತ್ತಿತ್ತು. ಓಝೋನ್ ಲೆಕ್ಕಕ್ಕೆ ಅದು ಬೇಡದ ಬಾಕಿ. 1990ರ ದಶಕದಲ್ಲಿ ಹಳೆಯ ದಾಖಲೆಗಳನ್ನು ಮತ್ತೆ ತೆರೆದಾಗ ತಿಳಿಯಿತು, ಆ ಕಿರಣಗಳನ್ನು ಹೀರಿದ್ದು ಧೂಳು ಮತ್ತು ಹೊಗೆ. ಸಾಮಾನ್ಯ ಚಿತ್ರದಲ್ಲಿ ಮರುಭೂಮಿಯ ಮೇಲಿನ ಧೂಳು ಮರಳಿನಲ್ಲೇ ಬೆರೆತುಹೋಗುತ್ತದೆ. ನೇರಳಾತೀತದಲ್ಲಿ ಮರಳು ಮಂಕಾಗಿರುವುದರಿಂದ ಧೂಳನ್ನು ಬೇರ್ಪಡಿಸಬಹುದು. 1997ರಲ್ಲಿ ಜೇ ಹರ್ಮನ್ ಮತ್ತು ಸಂಗಡಿಗರು ಇದನ್ನು ಜಗತ್ತಿನ ಲೆಕ್ಕವಾಗಿ ಪ್ರಕಟಿಸಿದರು. ಕಳೆದುಹೋದ ವರ್ಷಗಳ ಧೂಳೂ ದಾಖಲೆಗೆ ಸೇರಿತು.

ಬೇಸಿಗೆಯ ಗಾಳಿ ಅರೇಬಿಯಾದ ಧೂಳನ್ನು ಒಮಾನ್ ದಾಟಿಸಿ ಅರಬ್ಬಿ ಸಮುದ್ರದ ಮೇಲೆ, ನಮ್ಮ ಊರಿನ ದಿಕ್ಕಿಗೆ ಒಯ್ಯುತ್ತದೆ. ಇದು ಲೆಕ್ಕದ ಒಂದು ಬದಿ ಮಾತ್ರ.

ಇನ್ನೊಂದು ಬದಿ ತೆರೆದದ್ದು 1999ರಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ವಿ. ರಾಮನಾಥನ್ ಮತ್ತು ಪಾಲ್ ಕ್ರುಟ್ಸನ್ ನೇತೃತ್ವದ ಇಂಡೋಎಕ್ಸ್ ಸಂಶೋಧನೆ ಹಡಗು, ವಿಮಾನ, ಉಪಗ್ರಹ ಮೂರನ್ನೂ ಬಳಸಿತು. ಅದಕ್ಕೆಂದೇ ಯುರೋಪಿನ ಮೆಟಿಯೋಸ್ಯಾಟ್-5 ಉಪಗ್ರಹವನ್ನು 1998ರಲ್ಲಿ ಹಿಂದೂ ಮಹಾಸಾಗರದ ಮೇಲಕ್ಕೆ ಸರಿಸಿದ್ದರು. ಚಳಿಗಾಲದಲ್ಲಿ ಗಾಳಿ ದಿಕ್ಕು ಬದಲಿಸಿ, ಭಾರತದ ಕಡೆಯ ಸೌದೆ, ಬೆರಣಿ, ಕಲ್ಲಿದ್ದಲು, ವಾಹನಗಳ ಹೊಗೆಯನ್ನು ಇದೇ ಕಡಲ ಮೇಲೆ ಹರಡುತ್ತದೆಂದು ಕಂಡಿತು.

ಇಂದಿನ ಮೆಟಿಯೋಸ್ಯಾಟ್ 15 ನಿಮಿಷಕ್ಕೊಮ್ಮೆ ಚಿತ್ರ ಕಳಿಸುತ್ತದೆ. ಬಣ್ಣ ಹಚ್ಚಿದ ಆ ಚಿತ್ರದಲ್ಲಿ ಧೂಳು ಗುಲಾಬಿಯಾಗಿ ಕಾಣುತ್ತದೆ. ಅದು ಹತ್ತಿರ ಬಂದರೆ ನಾವು ಕಿಟಕಿ ಮುಚ್ಚುತ್ತೇವೆ, ಮಗಳು ಆಟಕ್ಕೆ ಹೋಗುವುದಿಲ್ಲ.

ನನ್ನದು ಎರಡು ವಿನಂತಿ. ಧೂಳಿನ ಮುನ್ಸೂಚನೆಯನ್ನು ಸಂಘದ ವಾಟ್ಸಾಪ್ ಗುಂಪಿನಲ್ಲಿ ಹಾಕುವ ರೂಢಿ ಮಾಡೋಣ. ಉಬ್ಬಸದ ಮಕ್ಕಳಿರುವ ಮನೆ ನಮ್ಮದೊಂದೇ ಅಲ್ಲ. ರಜೆಗೆ ಊರಿಗೆ ಹೋದಾಗ ಅಂಗಳದ ತರಗೆಲೆಗೆ ಬೆಂಕಿ ಹಚ್ಚುವ ಬದಲು ಗೊಬ್ಬರದ ಗುಂಡಿಗೆ ಹಾಕೋಣ.